ಆಂಧ್ರ ದಾಟಿ ಪಾವಗಡಕ್ಕೆ

ಮಧುಗಿರಿಯ ಏಕಶಿಲಾ ಬೆಟ್ಟ ಹಿಂದೆ ಸರಿದು, ಮಿಡಿಗೇಶಿಯೂ ಕಳೆಯಿತು ಎನ್ನುವಷ್ಟರಲ್ಲಿ ಅಂಗಡಿ ಬೋರ್ಡುಗಳು ತೆಲುಗಿಗೆ ತಿರುಗಿದವು. ಬಸ್ಸು ನಮ್ಮದೇ, ಟಿಕೆಟ್ಟೂ ತುಮಕೂರು ಜಿಲ್ಲೆಯಿಂದ ತುಮಕೂರು ಜಿಲ್ಲೆಗೇ. ನಡುವೆ ಮಾತ್ರ ಆಂಧ್ರದ ಮಡಕಶಿರಾ ಸೀಮೆ. ಕೊಂಚ ಹೊತ್ತಿಗೆ ಮತ್ತೆ ಕನ್ನಡ. ಬಸ್ಸಿನಲ್ಲಿದ್ದವರೆಲ್ಲ ತೂಕಡಿಸುತ್ತಿದ್ದರು, ಬೆರಗು ನನಗೊಬ್ಬನಿಗೇ.

ಪಶ್ಚಿಮದಲ್ಲಿ ಚಿತ್ರದುರ್ಗ ಜಿಲ್ಲೆಗೆ ತಾಗಿದ ತುಸು ಜಾಗ ಬಿಟ್ಟರೆ ಪಾವಗಡದ ಸುತ್ತಲೂ ಆಂಧ್ರವೇ. ಜನ ಆಡುವ ಮಾತು ಕೇಳಿಸಿಕೊಂಡು ಎಳೆದ ಗೆರೆಯಲ್ಲ ಇದು. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜ್ಯ ಪಾಲಾಯಿತು. ನಿಜಾಮ ತನಗೆ ಸಿಕ್ಕಿದ್ದನ್ನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ. ಪಾವಗಡ ಮೈಸೂರಿಗೆ ಉಳಿಯಿತು, ಮಡಕಶಿರಾ ಮದರಾಸಿನದಾಗಿ 1953ರಲ್ಲಿ ಆಂಧ್ರಕ್ಕೆ ಸೇರಿತು.

ಹೊಳೆಗಳಿಗೆ ಈ ಗೆರೆಯ ಗೊಡವೆಯೇ ಇಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ ಸೀಮೆ ಹಾದು ಬರುವ ಜಯಮಂಗಲಿ, ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ನಂದಿಬೆಟ್ಟದ ಸಾಲಿನಿಂದ ಹೊರಟ ಆ ಪಿನಾಕಿನಿಯೋ ಆಂಧ್ರಕ್ಕೆ ಹೋಗಿ, ನಾಗಲಮಡಿಕೆಯ ಸುಬ್ರಹ್ಮಣ್ಯನ ದರ್ಶನಕ್ಕೆಂಬಂತೆ ಕರ್ನಾಟಕಕ್ಕೆ ಮರಳಿ, ಮತ್ತೆ ಆಂಧ್ರದ ದಾರಿ ಹಿಡಿಯುತ್ತಾಳೆ. ಬಹುಪಾಲು ದಿನ ಬರೀ ಮರಳು, ಅದು ಬೇರೆ ಮಾತು.

ಪಾವಗಡದ ಬಸ್ ನಿಲ್ದಾಣದ ಬಳಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದ ಅಜ್ಜಿ, ಪಾವಿನಲ್ಲಿ ಅಳೆದು, ಮೇಲೊಂದು ಹಿಡಿ ಕೊಸರು ಹಾಕಿ, "ತಗಳಪ್ಪ, ಬಿಸಿ ಐತೆ" ಎಂದರು. ಪಕ್ಕದ ಹೂವಿನವಳ ಹತ್ತಿರ ಚಿಲ್ಲರೆ ಕೇಳಿದ್ದು ತೆಲುಗಿನಲ್ಲಿ. ಮೊಮ್ಮಗನನ್ನು ಬೈಯುವಾಗ ಎರಡೂ ಬೆರೆತವು.

"ಮನೆಮಾತು ಯಾವುದಜ್ಜಿ?"

"ಮನೇಲಿ ತೆಲುಗು, ಲೆಕ್ಕ ಕನ್ನಡದಾಗೆ. ಯಾಕಪ್ಪ, ಜನಗಣತಿಯೋರಾ?"

ಯುರೋಪಿನಲ್ಲಿ ಫ್ರಾನ್ಸ್–ಇಟಲಿ ಗಡಿಯದೂ ಇಂಥದ್ದೇ ಕಥೆ. 1860ರ ಟ್ಯೂರಿನ್ ಒಪ್ಪಂದದಲ್ಲಿ 'ನಿತ್ಸಾ' ಫ್ರಾನ್ಸಿನ 'ನೀಸ್' ಆಯಿತು. ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಗ್ಯಾರಿಬಾಲ್ಡಿಗೆ ತಾನು ಹುಟ್ಟಿದ ಊರೇ ಪರದೇಶ! ಇತ್ತ ಇಟಲಿಯ ಆಓಸ್ತಾ ಕಣಿವೆಯ ಊರುಗಳಿಗೆ ಫ್ರೆಂಚ್ ಹೆಸರು. ಮುಸೊಲಿನಿಯ ಕಾಲದಲ್ಲಿ ಅವನ್ನೂ ಒತ್ತಾಯದಿಂದ ಬದಲಿಸಿ, ಕೂರ್ಮಾಯೂರ್ ಅನ್ನು 'ಕೊರ್ಮಯೋರೆ' ಮಾಡಿದರು. ಯುದ್ಧ ಮುಗಿದ ಮೇಲೆ ಹಳೆಯ ಹೆಸರುಗಳು ಮರಳಿದವು. ಈಗ ಅಲ್ಲಿ ಫ್ರೆಂಚ್, ಇಟಾಲಿಯನ್ ಎರಡೂ ಅಧಿಕೃತ ಭಾಷೆಗಳು.

ನಮ್ಮ ಈ ಸೀಮೆ ಅಷ್ಟರಮಟ್ಟಿಗೆ ಪುಣ್ಯವಂತ. 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಹರಡಿರುವ ರಾಯಚೆರ್ಲು, ಕ್ಯಾತಗಾನಚೆರ್ಲು ಕರ್ನಾಟಕದಲ್ಲಿದ್ದೂ ತೆಲುಗಿನಂತೆ ಕೇಳಿಸುತ್ತವೆ. ಅಗಳಿ, ಗುಡಿಬಂಡೆಗಳು ಆಂಧ್ರದಲ್ಲಿದ್ದೂ ಅಚ್ಚಗನ್ನಡ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಂಧ್ರದ ಅಮರಾಪುರದ ಬಳಿಯ ಹೇಮಾವತಿ ಎಂಬ ಊರು. ಇದೇ ಹಳೆಯ ಹೆಂಜೇರು, ನೊಳಂಬರ ರಾಜಧಾನಿ. ದೊಡ್ಡೇಶ್ವರ ಗುಡಿಯ ಕಲ್ಲಿನ ಜಾಲಂಧ್ರಗಳಲ್ಲಿ ಬಳ್ಳಿ ಸುರುಳಿಗಳ ನಡುವೆ ದೇವತೆಗಳು ನಿಂತಿದ್ದಾರೆ. ಅವರ ಸಂದಿನಿಂದಲೇ ಒಳಗೆ ಬೆಳಕು ಬರಬೇಕು. ಎದುರಿಗೆ ಮೈತುಂಬಿದ ನಂದಿ. ಇಲ್ಲಿನ ಶಾಸನಗಳು ಕನ್ನಡದವು, ಕಾಯುವ ಸಿಬ್ಬಂದಿ ಆಂಧ್ರದವರು. ಶಿರಾಕ್ಕೆ ಹೋದವರು ಮಲಿಕ್ ರಿಹಾನನ ಗೋರಿ ನೋಡಿ ಹಾಗೇ ಹಿಂದಿರುಗಬೇಡಿ, ಅಮರಾಪುರದ ಕಡೆ ಹೊರಡಿ.