ಊಟಿಗಲ್ಲ, ಊಟಿ ಗಾಡಿಗೆ

ಮೈಸೂರು ಸೀಮೆಯವರಿಗೆ ಊಟಿಗೆ ಹೋಗುವುದು ಬಲು ಸಲೀಸು. ಗುಂಡ್ಲುಪೇಟೆ, ಬಂಡೀಪುರ ದಾಟಿದ ಬಸ್ಸು ಮಧ್ಯಾಹ್ನದೊಳಗೆ ಗುಡ್ಡದ ನೆತ್ತಿಗೆ ತಂದು ಇಳಿಸುತ್ತದೆ. ಆದರೆ ನೀಲಗಿರಿಯ ಬೆಟ್ಟದ ರೈಲಿಗೆಂದು ಹೊರಟವರಿಗೆ ಈ ದಾರಿ ಸರಿಹೋಗದು. ಆ ಗಾಡಿ ಹತ್ತಬೇಕಾದದ್ದು ಗುಡ್ಡದ ಆಚೆ ಬದಿಯ ಬುಡದಲ್ಲಿ, ಮೆಟ್ಟುಪಾಳ್ಯಂನಲ್ಲಿ, ಅದೂ ಬೆಳಿಗ್ಗೆ 7.10ಕ್ಕೆ. ಮೇಲಿನಿಂದ ಮಧ್ಯಾಹ್ನ ಇಳಿದು ಬರುವ ಗಾಡಿಯೂ ಇದೆ. ಆದರೆ ಹಬೆ ಎಂಜಿನ್ ತನ್ನ ಪೂರ್ತಿ ಕಸುವು ತೋರಿಸುವುದು ಹತ್ತುವಾಗ, ಇಳಿಯುವಾಗಲ್ಲ. ಹಾಗಾಗಿ ಹತ್ತಿರದ ಊಟಿಗೆ ದೂರದ ಕೊಯಮತ್ತೂರಿನ ಮೇಲೆ ಹೋಗಬೇಕು. ಈ ಸುತ್ತುದಾರಿಯನ್ನು ಕಡಿಮೆ ದುಡ್ಡಿನಲ್ಲಿ, ಒಂದೊಂದು ತುಂಡಿಗೂ ಒಂದೊಂದು ಬಗೆಯ ಗಾಡಿ ಬರುವ ಹಾಗೆ ಹೆಣೆಯುವುದಿದೆಯಲ್ಲ, ನನಗೆ ಅದಕ್ಕಿಂತ ಹಿತವಾದ ಕೆಲಸ ಇನ್ನೊಂದಿಲ್ಲ.

ಮೊದಲು ಗಾಡಿ ಆರಿಸುತ್ತೇನೆ, ಊರು ಆಮೇಲೆ. ಅದು ಯಾವ ಗೇಜಿನದು, ಎಂಜಿನ್ ಯಾವುದು, ಬೋಗಿ ಹಳೆಯ ಪೆರಂಬೂರು ಮಾದರಿಯದೋ ಹೊಸ ಎಲ್‌ಎಚ್‌ಬಿಯೋ, ಘಾಟಿ ಬರುವುದು ಹಗಲಿಗೋ ಕತ್ತಲಿಗೋ, ಕಿಟಕಿ ತೆರೆಯುತ್ತದೆಯೋ ಇಲ್ಲವೋ ಎಂದೆಲ್ಲ ವೇಳಾಪಟ್ಟಿ ಹರಡಿಕೊಂಡು ಕೂತರೆ ಸಂಜೆ ಕಳೆದದ್ದೇ ಗೊತ್ತಾಗುವುದಿಲ್ಲ. ಬೆರಳು ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರುತ್ತ, ಈ ಗಾಡಿ ಇಳಿದರೆ ಆ ಗಾಡಿ ಸಿಗುತ್ತದೆಯೇ ಎಂದು ಲೆಕ್ಕ ಹಾಕುತ್ತದೆ. ನಡುವೆ ಒಂದು ಗಂಟೆಯಾದರೂ ಬಿಡುವು ಇರಬೇಕು, ಹಾಗೆಂದು ಐದು ಗಂಟೆ ಕಾಯುವಂತೆಯೂ ಆಗಬಾರದು. ಲೆಕ್ಕ ಕೂಡಿಬಂದ ಕ್ಷಣದ ಖುಷಿ ಪ್ರಯಾಣದ ಖುಷಿಗೆ ಏನೇನೂ ಕಡಿಮೆಯಲ್ಲ.

ನನಗೆ ಅಚ್ಚುಮೆಚ್ಚಿನ ಹೆಣಿಗೆ ಹೀಗಿದೆ. ಬೆಂಗಳೂರಿನಿಂದ ಮಧ್ಯಾಹ್ನ ಹೊರಡುವ ಉದಯ್ ಎಕ್ಸ್‌ಪ್ರೆಸ್ ರಾತ್ರಿ ಒಂಬತ್ತರ ಹೊತ್ತಿಗೆ ಕೊಯಮತ್ತೂರು ಸೇರುತ್ತದೆ. 2018ರಲ್ಲಿ ಶುರುವಾದ ಈ ಗಾಡಿ ಎರಡು ಅಂತಸ್ತಿನದು. ಎಲ್ಲರೂ ಮೇಲಿನ ಅಂತಸ್ತು ಬೇಕೆನ್ನುತ್ತಾರೆ, ನಾನು ಒಮ್ಮೆಯಾದರೂ ಕೆಳಗೆ ಕೂತು ನೋಡಿ ಎನ್ನುತ್ತೇನೆ. ಅಲ್ಲಿ ಕಿಟಕಿಯ ಅಂಚು ಪ್ಲಾಟ್‌ಫಾರ್ಮಿನ ನೆಲಕ್ಕೆ ಸಮನಾಗಿ ಬರುತ್ತದೆ. ನಿಲ್ದಾಣದಲ್ಲಿ ಕಾಣುವುದೆಲ್ಲ ಚಪ್ಪಲಿ, ಸೂಟ್‌ಕೇಸಿನ ಚಕ್ರ, ಚಹಾ ಮಾರುವವನ ಬಕೆಟ್ಟು, ಸೀರೆಯ ಅಂಚು. ಗಾಡಿ ಹೊರಟಿತೆಂದರೆ ಪಕ್ಕದ ಹಳಿಯ ಜಲ್ಲಿಕಲ್ಲು ಕಣ್ಣಿನ ಮಟ್ಟದಲ್ಲೇ ಓಡುತ್ತದೆ, ವೇಗ ಇಮ್ಮಡಿಸಿದಂತೆ ತೋರುತ್ತದೆ. ಇದು ಎಸಿ ಗಾಡಿ, ಈ ಸುತ್ತಿನಲ್ಲಿ ತುಸು ಕೈಬಿಚ್ಚಿ ಖರ್ಚು ಮಾಡುವುದು ಇದೊಂದಕ್ಕೇ.

ರಾತ್ರಿಗೆ ಹೋಟೆಲ್ ಬೇಡ. ಕೈಯಲ್ಲಿ ರೈಲ್ವೆ ಟಿಕೆಟ್ಟಿದ್ದರೆ, ಅದರ ಪಿಎನ್‌ಆರ್ ಸಂಖ್ಯೆಯ ಮೇಲೆ ನಿಲ್ದಾಣದ ವಿಶ್ರಾಂತಿ ಕೊಠಡಿಯನ್ನೋ ಡಾರ್ಮಿಟರಿಯ ಹಾಸಿಗೆಯನ್ನೋ ಮುಂಚೆಯೇ ಕಾದಿರಿಸಬಹುದು. ನಿಲ್ದಾಣದಲ್ಲೇ ಮಲಗುವುದರಲ್ಲಿ ದುಡ್ಡು ಉಳಿಯುವುದಲ್ಲದೆ ಇನ್ನೊಂದು ಲಾಭವಿದೆ. ನಸುಕಿನಲ್ಲಿ ಆಟೋ ಹುಡುಕುವ ತಾಪತ್ರಯವಿಲ್ಲ, ಮುಖ ತೊಳೆದು ಮೆಟ್ಟಿಲಿಳಿದರೆ ಪ್ಲಾಟ್‌ಫಾರ್ಮು. ಚೆನ್ನೈಯಿಂದ ರಾತ್ರಿಯಿಡೀ ಓಡಿ ಬಂದ ನೀಲಗಿರಿ ಎಕ್ಸ್‌ಪ್ರೆಸ್ ಬೆಳಗಿನ ಜಾವ ಬರುತ್ತದೆ. ಜನರಲ್ ಟಿಕೆಟ್ ಸಾಕು, ಸ್ವಲ್ಪ ಹೊತ್ತಿಗೆಲ್ಲ ಮೆಟ್ಟುಪಾಳ್ಯಂ. ಇನ್ನೂ ಅಗ್ಗವಾಗಬೇಕೆನ್ನುವವರು ಉದಯ್ ಬಿಟ್ಟು ಬೆಂಗಳೂರಿನಿಂದ ರಾತ್ರಿಯ ಕನ್ಯಾಕುಮಾರಿ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಬೋಗಿಯಲ್ಲಿ ಮಲಗಿ, ನಡುರಾತ್ರಿ ಕಳೆದ ಮೇಲೆ ಕೊಯಮತ್ತೂರಿನಲ್ಲಿ ಇಳಿದು ಇದೇ ಗಾಡಿಗೆ ಕಾಯಬಹುದು. ನಿದ್ದೆ ಅರ್ಧ, ಖರ್ಚೂ ಅರ್ಧ.

ಮೆಟ್ಟುಪಾಳ್ಯಂನಿಂದ ಕುನೂರಿನವರೆಗೆ ಬೆಟ್ಟದ ರೈಲಿನ ಹಳಿ 1899ರಲ್ಲಿ ತೆರೆಯಿತು, ಊಟಿ ಮುಟ್ಟಿದ್ದು 1908ರಲ್ಲಿ. ಮೀಟರ್‌ಗೇಜ್ ಹಳಿ. ಇಲ್ಲಿ ಎಂಜಿನ್ ಗಾಡಿಯನ್ನು ಎಳೆಯುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ಹೀಗಾಗಿ ಎಲ್ಲಕ್ಕೂ ಮುಂದಿನ ಬೋಗಿಯ ಎದುರು ದಾರಿ ಸಾಫಾಗಿ ತೆರೆದಿರುತ್ತದೆ, ಅದು ಮೊದಲ ದರ್ಜೆ. ಎರಡನೇ ದರ್ಜೆಯ ಬೋಗಿಗಳು ಹಿಂದೆ, ಎಂಜಿನ್ನಿನ ಹತ್ತಿರ. ನನ್ನ ಮಟ್ಟಿಗೆ ಆ ಹಿಂದಿನ ಸೀಟಿನ ಬೆಲೆ ರೈಲ್ವೆಯವರಿಗೆ ಗೊತ್ತಿಲ್ಲ. ತಿರುವು ಬಂದಾಗಲೆಲ್ಲ ನಮ್ಮನ್ನು ತಳ್ಳುತ್ತಿರುವ ಎಂಜಿನ್ ಕಿಟಕಿಯಲ್ಲಿ ಕಾಣುತ್ತದೆ. ಈ ದಾರಿಯಲ್ಲಿ ತಿರುವುಗಳು ಇನ್ನೂರಕ್ಕೂ ಹೆಚ್ಚು.

ಮೊದಲ ಏಳೆಂಟು ಕಿಲೋಮೀಟರ್ ಅಡಿಕೆ ತೋಟಗಳ ನಡುವೆ ಸಮತಟ್ಟು ನೆಲ. ಕಲ್ಲಾರ್ ದಾಟಿದ ಮೇಲೆ ಏರು ಶುರು. ಹನ್ನೆರಡೂವರೆ ಅಡಿ ಸಾಗಿದರೆ ಒಂದಡಿ ಮೇಲೆ. ಬರೀ ನುಣುಪು ಹಳಿಯ ಮೇಲೆ ನುಣುಪು ಚಕ್ರ ಈ ಏರನ್ನು ಹತ್ತಲಾರದು, ಜಾರಿಬಿಡುತ್ತದೆ. ಅದಕ್ಕೆಂದು ಎರಡು ಹಳಿಗಳ ನಡುವೆ ಹಲ್ಲಿರುವ ಎರಡು ಉಕ್ಕಿನ ಪಟ್ಟಿಗಳನ್ನು ಕೂರಿಸಿದ್ದಾರೆ. ಒಂದರ ಹಲ್ಲು ಇರುವಲ್ಲಿ ಇನ್ನೊಂದರ ಸಂದು ಬರುತ್ತದೆ, ಆದ್ದರಿಂದ ಎಂಜಿನ್ನಿನ ಹಲ್ಲುಗಾಲಿಗೆ ಯಾವ ಗಳಿಗೆಯಲ್ಲೂ ಹಿಡಿತ ತಪ್ಪುವುದಿಲ್ಲ. ಸ್ವಿಟ್ಜರ್ಲೆಂಡಿನ ಆಬ್ಟ್ ಎಂಬಾತ ರೂಪಿಸಿದ ಏರ್ಪಾಡು ಇದು. ಹಳೆಯ ಎಂಜಿನ್ನುಗಳು ಬಂದದ್ದೂ ಆ ದೇಶದ ವಿಂಟರ್‌ಟೂರ್ ಊರಿನ ಕಾರ್ಖಾನೆಯಿಂದಲೇ. ಈಚಿನವನ್ನು ತಿರುಚ್ಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲಿ ನಮ್ಮವರೇ ಕಟ್ಟಿದ್ದಾರೆ. ಅದನ್ನು ನೆನೆದರೆ ಎದೆಯುಬ್ಬುತ್ತದೆ. ಹಬೆ ಎಂಜಿನ್ ಎನ್ನುವುದೇ ಜಗತ್ತಿನಲ್ಲಿ ಮುಗಿದ ಕಥೆಯಾದ ಕಾಲದಲ್ಲಿ, ಒಂದು ಊರಿನ ಫಿಟ್ಟರುಗಳು ಅದನ್ನು ಹೊಸದಾಗಿ ಕಟ್ಟುವ ವಿದ್ಯೆಯನ್ನು ಕೈಯಲ್ಲಿ ಉಳಿಸಿಕೊಂಡಿದ್ದಾರೆ.

ಹಲ್ಲುಹಳಿ ಶುರುವಾಗುವ ಜಾಗದಲ್ಲಿ ಗಾಡಿ ನಡಿಗೆಗಿಂತ ನಿಧಾನವಾಗುತ್ತದೆ. ಎಂಜಿನ್ನಿಗೆ ನಾಲ್ಕು ಸಿಲಿಂಡರು, ಪ್ರತಿ ಬದಿಗೂ ಮೇಲೊಂದು ಕೆಳಗೊಂದು. ಅಲ್ಲಿಯವರೆಗೆ ಕೆಳಗಿನ ಜೋಡಿ ಮಾತ್ರ ದುಡಿಯುತ್ತ ಚಕ್ರಗಳನ್ನು ತಿರುಗಿಸುತ್ತಿರುತ್ತದೆ. ಹಲ್ಲಿಗೆ ಹಲ್ಲು ಕೂಡಿದ ಮೇಲೆ ಕೆಳಗಿನ ಸಿಲಿಂಡರಿನಲ್ಲಿ ಒಮ್ಮೆ ದುಡಿದ ಹಬೆಯೇ ಮೇಲಿನ ಜೋಡಿಗೆ ಹೋಗಿ ಹಲ್ಲುಗಾಲಿಯನ್ನು ನಡೆಸುತ್ತದೆ. ಕಿಟಕಿಯಿಂದ ಕತ್ತು ಚಾಚಿದರೆ, ಸುಮ್ಮನಿದ್ದ ಮೇಲಿನ ಕಬ್ಬಿಣದ ತೋಳು ಸರಕ್ಕನೆ ಚಲಿಸತೊಡಗುವುದು ಕಾಣುತ್ತದೆ. ಉಸಿರಿನ ಲಯ ಬದಲಾಗುತ್ತದೆ. ಸೀಟಿನ ಹಲಗೆಯ ಮೂಲಕ ಬೆನ್ನಿಗೆ ಗರಗರ ಎಂಬ ಸಣ್ಣ ನಡುಕ ಹತ್ತುತ್ತದೆ, ಅದು ಹಲ್ಲುಗಳ ಮಾತು. ಇನ್ನು ಕುನೂರಿನವರೆಗೆ ಅದು ಬಿಡುವುದಿಲ್ಲ.

ಪ್ರತಿ ಬೋಗಿಯ ತುದಿಯ ಕಟ್ಟೆಯ ಮೇಲೆ ಒಬ್ಬೊಬ್ಬ ಬ್ರೇಕಿನವರು ಬಾವುಟ ಹಿಡಿದು ನಿಂತಿರುತ್ತಾರೆ. ಮುಂದಿನವರು ದಾರಿ ನೋಡಿ ಹಸಿರು ಬೀಸಿದರೆ ಅದು ಬೋಗಿಯಿಂದ ಬೋಗಿಗೆ ಸಾಗಿ ಹಿಂದಿರುವ ಚಾಲಕರನ್ನು ಮುಟ್ಟುತ್ತದೆ. ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯಲು ನಿಲ್ಲುತ್ತದೆ, ಜನ ಚಹಾ ಕುಡಿಯುತ್ತಾರೆ, ಕೋತಿಗಳು ಕೈಯಲ್ಲಿದ್ದ ಬಿಸ್ಕತ್ತಿಗೆ ಹೊಂಚು ಹಾಕುತ್ತವೆ. ನಾನು ಚಹಾ ಬಿಟ್ಟು ಎಂಜಿನ್ನಿನ ಬಳಿ ನಿಲ್ಲುತ್ತೇನೆ. ಬಿಸಿ ಎಣ್ಣೆ, ಒದ್ದೆ ಕಬ್ಬಿಣ, ಹಬೆ, ಮೂರೂ ಬೆರೆತ ಆ ವಾಸನೆ ಬೇರೆ ಯಾವ ಹಳಿಯ ಮೇಲೂ ಸಿಗದು.

ಕಳೆದ ಸಲ ಅಕ್ಕನ ಮಗನನ್ನು ಕರೆದೊಯ್ದಿದ್ದೆ. ಹೊರಡುವ ಮುಂಚೆ, “ಮಾವ, ಊಟೀಲಿ ಎಷ್ಟೊತ್ತು ಇರ್ತೀವಿ?” ಎಂದು ಕೇಳಿದ್ದ.

“ಮೈಸೂರು ಬಸ್ ಸಿಗೋವರೆಗೂ.”

“ಬೊಟಾನಿಕಲ್ ಗಾರ್ಡನ್?”

“ಅದು ಎಲ್ಲೂ ಹೋಗಲ್ಲ, ಇನ್ನೊಂದ್ಸಲ ನೋಡೋಣ.”

ಕುನೂರಿನಲ್ಲಿ ಹಬೆ ಎಂಜಿನ್ ಕಳಚಿ ಡೀಸೆಲ್ ಕಟ್ಟುವಾಗ ಅವನೇ, “ಇಲ್ಲಿಂದ ಮುಂದೆ ಬಸ್ಸಲ್ಲೇ ಹೋಗಬಹುದಿತ್ತಲ್ವಾ ಮಾವ?” ಅಂದ. ಹುಡುಗನಿಗೆ ರುಚಿ ಹತ್ತಿತ್ತು. ಕುನೂರು–ಊಟಿ ತುಂಡಿಗೆ ಬೇರೆ ಗಾಡಿಗಳೂ ಇವೆ, ಟಿಕೆಟ್ಟೂ ಸುಲಭ. ಪ್ರವಾಸಕ್ಕೆ ಬಂದವರು ಅದರಲ್ಲಿ ಕೂತು ಬೆಟ್ಟದ ರೈಲು ಮುಗಿಯಿತು ಎಂದುಕೊಳ್ಳುತ್ತಾರೆ. ಚಹಾ ತೋಟ, ನೀಲಗಿರಿ ಮರ, ಲವ್‌ಡೇಲಿನ ಚಳಿಗಾಳಿ ಎಲ್ಲ ಚೆನ್ನಾಗಿಯೇ ಇದೆ, ಆದರೆ ಹಲ್ಲುಹಳಿ ಇರುವುದು ಕುನೂರಿನ ಕೆಳಗೆ. ದುಡ್ಡಾಗಲಿ ಪುರುಸೊತ್ತಾಗಲಿ ಒಂದೇ ತುಂಡಿಗೆ ಸಾಲುವಂತಿದ್ದರೆ ಕೆಳಗಿನದನ್ನೇ ಆರಿಸಿ. ಟಿಕೆಟ್ಟು ತೆರೆಯುವುದು 60 ದಿನ ಮುಂಚೆ, ಅವತ್ತೇ ಕೂತು ಮಾಡಿಬಿಡಬೇಕು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆಗೆ ಗುಡ್ಡ ಜರಿದು ಗಾಡಿ ರದ್ದಾಗುವುದು ಮಾಮೂಲು, ಏಪ್ರಿಲ್ ಮೇನಲ್ಲಿ ಕಾಲಿಡಲು ಜಾಗವಿಲ್ಲ. ಜನವರಿ ಕಳೆದ ಮೇಲೆ, ವಾರದ ನಡುವಿನ ಒಂದು ದಿನ, ಅದೇ ಸರಿಯಾದ ಕಾಲ. ಊಟಿಯಿಂದ ಬಸ್ಸಿನಲ್ಲಿ ಇಳಿದು ಮೈಸೂರು ಸೇರಿ, ಸಂಜೆಯ ಮೆಮು ಗಾಡಿಯಲ್ಲಿ ಕಡಲೆಕಾಯಿ ತಿನ್ನುತ್ತ ಬೆಂಗಳೂರಿಗೆ ಬಂದರೆ ಒಂದು ಸುತ್ತು ಪೂರ್ತಿ. ಎರಡು ಅಂತಸ್ತು, ಎಕ್ಸ್‌ಪ್ರೆಸ್ ಗಾಡಿ, ಹಬೆ, ಡೀಸೆಲ್, ಮೆಮು, ಎಲ್ಲವೂ ಎರಡು ಹಗಲಿನೊಳಗೆ.

ಕಡಿಮೆ ಖರ್ಚಿನ ಪ್ರಯಾಣವೆಂದರೆ ಕಷ್ಟಪಟ್ಟು ಹೋಗುವುದು ಎಂಬ ಭಾವನೆ ಅನೇಕರಲ್ಲಿದೆ. ರೈಲಿನ ಮಟ್ಟಿಗೆ ಇದು ತಿರುಗುಮುರುಗು. ಸಕಲೇಶಪುರದ ಘಾಟಿಯನ್ನೇ ತೆಗೆದುಕೊಳ್ಳಿ. ಸುಬ್ರಹ್ಮಣ್ಯ ರೋಡಿನವರೆಗೆ 55 ಕಿಲೋಮೀಟರ್, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 2021ರಿಂದ ಇಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳು ಓಡುತ್ತಿವೆ. ಒಳಗೆ ತಂಪು, ಸೀಟು ಸುತ್ತಲೂ ತಿರುಗುತ್ತದೆ, ವಯಸ್ಸಾದವರಿಗೆ ಬಹಳ ಅನುಕೂಲ. ಆದರೆ ಗಾಜಿನೊಳಗೆ ಸುರಂಗದ ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯುವುದಿಲ್ಲ. ಎಡಕುಮೇರಿಯ ಹತ್ತಿರ ಕೊಳೆತ ಎಲೆಯ, ಒದ್ದೆ ಮಣ್ಣಿನ ವಾಸನೆ ಒಳಗೆ ಬರುವುದಿಲ್ಲ. ಸೇತುವೆ ಹತ್ತಿದ ಕೂಡಲೇ ಚಕ್ರದ ಸದ್ದು ಟೊಳ್ಳಾಗುವುದು, ಸುರಂಗ ಹೊಕ್ಕ ಕೂಡಲೇ ಅದೇ ಸದ್ದು ಗೋಡೆಗೆ ಬಡಿದು ಮೈಮೇಲೆ ಬೀಳುವುದು, ಇವೆಲ್ಲ ಎರಡನೇ ದರ್ಜೆಯ ತೆರೆದ ಕಿಟಕಿಯ ಸೌಭಾಗ್ಯ. ಅದಕ್ಕೆ ಕೊಡುವ ದರ ವಿಸ್ಟಾಡೋಮಿನದರ ಒಂದು ಚೂರು.

ಈ ಘಾಟಿಯನ್ನೂ ಹತ್ತುವ ದಿಕ್ಕಿನಲ್ಲೇ ನೋಡಬೇಕು. ಇಳಿಯುವಾಗ ಬ್ರೇಕಿನ ಕೀರಲು, ಬಿಸಿಯಾದ ಕಬ್ಬಿಣದ ಘಾಟು. ಹತ್ತುವಾಗ ಸುಬ್ರಹ್ಮಣ್ಯ ರೋಡಿನಲ್ಲಿ ಹಿಂದುಗಡೆ ಬ್ಯಾಂಕರ್ ಎಂಜಿನ್ನುಗಳು ಬಂದು ಸೇರುತ್ತವೆ, ಮುಂದಿನದು ಎಳೆದು ಹಿಂದಿನವು ತಳ್ಳಿ, ಐವತ್ತಡಿಗೆ ಒಂದಡಿಯ ಏರಿನಲ್ಲಿ ಗಾಡಿ ಮೇಲೆ ಬರುತ್ತದೆ. ಡೀಸೆಲ್ ಎಂಜಿನ್ನುಗಳ ಆ ಒಕ್ಕೊರಲು ಕೇಳಲೆಂದೇ ನಾನು ಎಷ್ಟೋ ಸಲ ಮಂಗಳೂರಿಗೆ ರಾತ್ರಿ ಗಾಡಿಯಲ್ಲಿ ಇಳಿದು ಹಗಲಿನ ಗಾಡಿಯಲ್ಲಿ ಹತ್ತಿದ್ದೇನೆ. 2025ರಲ್ಲಿ ವಿದ್ಯುದೀಕರಣದ ಕೆಲಸಕ್ಕಾಗಿ ತಿಂಗಳುಗಟ್ಟಲೆ ಹಗಲಿನ ಗಾಡಿಗಳನ್ನೇ ನಿಲ್ಲಿಸಿದ್ದರು. ಕರೆಂಟಿನ ಎಂಜಿನ್ನಿಗೆ ಕಸುವು ಜಾಸ್ತಿ, ಹೊಗೆ ಇಲ್ಲ, ದೇಶಕ್ಕೆ ಎಣ್ಣೆ ಉಳಿತಾಯ, ಆಗಬೇಕಾದ ಕೆಲಸವೇ. ಆದರೂ ಒಂದು ಬಗೆಯ ಸದ್ದು ಒಂದು ಜಾಗದಿಂದ ಹೋಗುವಾಗ ಅದನ್ನು ಕೇಳಿದ್ದ ಕಿವಿಗೆ ನೋವಾಗುತ್ತದೆ.

ಎಲ್ಲಕ್ಕಿಂತ ಬೇಗ ಮರೆಯಾಗುತ್ತಿರುವವು ಆಲ್ಕೋ ಎಂಜಿನ್ನುಗಳು. ಅಮೆರಿಕದ ಆ ವಿನ್ಯಾಸವನ್ನು ವಾರಾಣಸಿಯ ಕಾರ್ಖಾನೆ 1964ರಿಂದ ದಶಕಗಳ ಕಾಲ ಕಟ್ಟಿತು. ಚಾಲಕ ಹಿಡಿಯನ್ನು ಒಂದೊಂದೇ ನಾಚ್ ಮೇಲಕ್ಕೆ ಸರಿಸಿದಂತೆ ಟರ್ಬೊ ಒಂದು ಕ್ಷಣ ಹಿಂದೆ ಬಿದ್ದು ದಟ್ಟ ಕಪ್ಪು ಹೊಗೆ ಏಳುತ್ತದೆ, ಆಮೇಲೆ ಶಿಳ್ಳೆ ಮೇಲೇರಿ ಹೊಗೆ ತೆಳುವಾಗುತ್ತದೆ. ನಿಂತಲ್ಲೇ ನಿಂತಾಗ ಮದ್ದಳೆಯಂತೆ ನುಡಿಯುತ್ತದೆ. ಕೃಷ್ಣರಾಜಪುರದ ಶೆಡ್ಡಿನ ಆಲ್ಕೋಗಳನ್ನು ಹಿಡಿಯಲು ನಾನು ಬರೀ ಹತ್ತಿಪ್ಪತ್ತು ರೂಪಾಯಿಯ ಪ್ಯಾಸೆಂಜರ್ ಟಿಕೆಟ್ಟಿನಲ್ಲಿ ಸುತ್ತಿದ ದಿನಗಳು ಬೇಕಾದಷ್ಟು. ಪೆರಂಬೂರಿನ ಹಳೆಯ ಮಾದರಿಯ ಬೋಗಿಗಳೂ ಹಾಗೆಯೇ. 2018ರಲ್ಲಿ ಅವುಗಳನ್ನು ಕಟ್ಟುವುದು ನಿಂತಿತು. ಓಡುತ್ತಿರುವವು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ. ಯಾವುದಾದರೂ ಗಾಡಿಯ ಹಳೆಯ ಬೋಗಿಗಳು ಈ ತಿಂಗಳು ಬದಲಾಗುತ್ತವೆ ಎಂಬ ಸುದ್ದಿ ಬಂದರೆ ನನ್ನ ಪಟ್ಟಿಯಲ್ಲಿ ಅದು ಮೇಲಕ್ಕೆ ಬರುತ್ತದೆ.

ದೂರದ ದಾರಿಗೆ ರೈಲ್ವೆಯ ದರದಲ್ಲೇ ಒಂದು ಉಪಕಾರ ಅಡಗಿದೆ. ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುತ್ತ ಹೋಗುತ್ತದೆ. ಮೂರು ತುಂಡು ಟಿಕೆಟ್ಟಿಗಿಂತ ಒಂದೇ ಉದ್ದದ ಟಿಕೆಟ್ಟು ಅಗ್ಗ. 500 ಕಿಲೋಮೀಟರ್ ಮೀರಿದ ಟಿಕೆಟ್ಟಿನಲ್ಲಿ ಅಷ್ಟು ದೂರ ಸಾಗಿದ ಮೇಲೆ ಒಮ್ಮೆ, ಸಾವಿರ ಮೀರಿದರೆ ಎರಡು ಸಲ, ದಾರಿಯಲ್ಲಿ ಇಳಿದು ಎರಡು ದಿನ ತಂಗಿ ಮುಂದುವರಿಯುವ ಅವಕಾಶವಿದೆ. ರಾಜಧಾನಿ, ಶತಾಬ್ದಿಗಳಿಗೆ ಇದು ಅನ್ವಯಿಸದು, ನಮ್ಮಂಥವರಿಗೆ ಅವು ಬೇಕಾಗಿಯೂ ಇಲ್ಲ. ಕೌಂಟರಿನಲ್ಲಿ ಇದನ್ನು ಕೇಳಿದಾಗ ಗುಮಾಸ್ತರು ಕನ್ನಡಕ ಸರಿಸಿ ನೋಡುವುದುಂಟು. ಕೆಲವು ಹಿರಿಯರು ಮಾತ್ರ ಮುಖ ಅರಳಿಸಿ, ಎಲ್ಲಿ ಇಳಿಯುತ್ತೀರಿ, ಯಾಕೆ ಎಂದು ವಿಚಾರಿಸಿ, ಸಾಲಿನಲ್ಲಿ ಹಿಂದೆ ನಿಂತವರು ಗೊಣಗುವವರೆಗೂ ದಾರಿ ಹೇಳಿಕೊಡುತ್ತಾರೆ.

ಅಕ್ಕನ ಮಗನಿಗೆ ಈಗ ಅಮೃತ್ ಭಾರತ್ ಹತ್ತುವಾಸೆ. 2023ರ ಕೊನೆಯಲ್ಲಿ ಬಂದ, ಎಸಿ ಇಲ್ಲದ, ಎರಡು ತುದಿಗೂ ಎಂಜಿನ್ ಇರುವ ಕೇಸರಿ ಬಣ್ಣದ ಗಾಡಿ. ಬೆಂಗಳೂರಿನ ಬೈಯಪ್ಪನಹಳ್ಳಿ ಟರ್ಮಿನಲ್‌ನಿಂದ ಮಾಲ್ಡಾಕ್ಕೆ ಹೋಗುತ್ತದೆ. ಬಂಗಾಳದವರೆಗೆ ಹೋಗಬೇಕಿಲ್ಲ, ಒಂದೆರಡು ನಿಲ್ದಾಣ ಹೋಗಿ ಬಂದರೂ ಮುಂದಿನಿಂದ ಎಳೆದು ಹಿಂದಿನಿಂದ ತಳ್ಳುವ ಗಾಡಿ ಜಗ್ಗದೆ ಹೇಗೆ ಹೊರಡುತ್ತದೆ ಎಂಬುದು ತಿಳಿಯುತ್ತದೆ. ಅದನ್ನು ಅವನ ಪರೀಕ್ಷೆ ಮುಗಿದ ವಾರಕ್ಕೆ ಇಟ್ಟಿದ್ದೇನೆ. ನನ್ನದು ಅಕ್ಟೋಬರಿನ ಲೆಕ್ಕ, ಸಕಲೇಶಪುರದ ಘಾಟಿಯ ತೊರೆಗಳು ಇನ್ನೂ ತುಂಬಿರುವಾಗ. ಕಾರವಾರದಿಂದ ಯಶವಂತಪುರಕ್ಕೆ ಹಗಲಿನ ಗಾಡಿ, ಎರಡನೇ ದರ್ಜೆ, ಕಿಟಕಿ ಪಕ್ಕದ ಎರಡು ಸೀಟು. ಟಿಕೆಟ್ಟು ಆಗಸ್ಟಿನಲ್ಲಿ ತೆರೆಯುತ್ತದೆ.