ಅಡ್ವಾನ್ಸ್ ವಾಪಸ್

ಬಾಡಿಗೆದಾರ ಹದಿನೈದೇ ದಿನ ಮೊದಲು ಹೇಳಿ ಮನೆ ಬಿಟ್ಟರೆ ಅಡ್ವಾನ್ಸಲ್ಲಿ ಎಷ್ಟು ಹಿಡಿಯಬಹುದು? ಬೆಂಗಳೂರಲ್ಲಿ ಉತ್ತರ ಓನರ್ ಮೂಡಿನ ಮೇಲಿದೆ.

ಕರಾರಲ್ಲಿ 2 ತಿಂಗಳ ನೋಟಿಸ್ ಅಂತಿದ್ದರೆ, ಕಡಿಮೆ ಬಿದ್ದ ದಿನಗಳ ಬಾಡಿಗೆ ಕೇಳೋದು ನ್ಯಾಯವೇ. ಮನೆ ಖಾಲಿ ಇದ್ದರೂ ಲೋನ್ ಕಂತು ಕಟ್ಟಬೇಕಲ್ಲ. ಆದರೆ ಮುಂದಿನ ವಾರವೇ ಹೊಸಬರು ಸಾವಿರ ರೂಪಾಯಿ ಜಾಸ್ತಿಗೆ ಬಂದು ಹಾಲುಕ್ಕಿಸಿದ ಮೇಲೂ ಹಳಬರಿಂದ ಪೂರ್ತಿ ಹಿಡಿದರೆ? ಒಂದೇ ಮನೆಗೆ ಎರಡು ಬಾಡಿಗೆ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಪತ್ರದಲ್ಲಿ ಬರೆದ ದಂಡದ ಮೊತ್ತ ಗರಿಷ್ಠ ಮಿತಿ ಮಾತ್ರ. ಸಿಗೋದು ಅದರೊಳಗಿನ ನ್ಯಾಯವಾದ ಪರಿಹಾರ.

ಇನ್ನು ಪೇಂಟಿಂಗ್. ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳೋದು ಪದ್ಧತಿ. ಗೋಡೆಗೆ ಬ್ರಶ್ ತಾಗಿತೋ ಇಲ್ಲವೋ ಕೇಳಬೇಡಿ.

ಗಲಾಟೆಯ ಮೂಲ ಇಲ್ಲಿನ ಹತ್ತು ತಿಂಗಳ ಅಡ್ವಾನ್ಸ್ ಚಾಳಿ. 25 ಸಾವಿರ ಬಾಡಿಗೆಗೆ ಎರಡೂವರೆ ಲಕ್ಷ. ಆ ದುಡ್ಡು ಎಷ್ಟೋ ಓನರ್‌ಗಳ ಕೈಯಲ್ಲಿ ಇರೋದೇ ಇಲ್ಲ. ಮಗಳ ಮದುವೆಗೋ ಮೇಲಿನ ಮಹಡಿಗೋ ಹೋಗಿರುತ್ತೆ. "ಹೊಸಬರು ಬರ್ಲಿ, ಅವರ ಅಡ್ವಾನ್ಸಲ್ಲೇ ಕೊಡ್ತೀನಿ" ಅನ್ನೋ ಮಾತು ಅದಕ್ಕೇ. ಇತ್ತ ಬಿಟ್ಟವರು ಹೊಸ ಮನೆಗೆ ಮತ್ತೆ ಹತ್ತು ತಿಂಗಳದ್ದು ಹೊಂದಿಸಬೇಕು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ 2 ತಿಂಗಳ ಮಿತಿ ಹೇಳುತ್ತೆ. ಮಾದರಿ ಅಷ್ಟೇ, ರಾಜ್ಯಗಳು ಒಪ್ಪಿದರೆ ಉಂಟು.

ಓನರ್ ಮಹಾಶಯರೇ, ಹಿಡಿಯೋದಿದ್ದರೆ ಲೆಕ್ಕ ಬರೆದುಕೊಟ್ಟು ಹಿಡಿಯಿರಿ. ಬಾಡಿಗೆದಾರರೇ, ಬೀಗದ ಕೈ ಕೊಡೋ ಮುಂಚೆ ಮನೆಯ ವಿಡಿಯೋ, ಕರೆಂಟ್ ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ.