ಏಣುಗಳ ನಡುವಿನ ಬಯಲು

ಮೇಜುದೀಪ, ಹತ್ತು ಪಟ್ಟು ಹಿಗ್ಗಿಸಿ ತೋರುವ ಮಸೂರ, ಹತ್ತಿಯ ಮೇಲೆ ಮಲಗಿಸಿದ ಒಂದು ಬಿಳಿ ಚಿಪ್ಪು. ಇಷ್ಟಿದ್ದರೆ ನನಗೆ ಸಂಜೆ ಹೇಗೆ ಕಳೆಯಿತೆಂದೇ ತಿಳಿಯುವುದಿಲ್ಲ. ಅದರಲ್ಲೂ ಚಿಪ್ಪು ವೆಂಟಲ್‌ಟ್ರ್ಯಾಪ್ ಕುಟುಂಬದ್ದಾಗಿ, ಆಳಗಡಲಿಂದ ಬಂದದ್ದಾದರೆ ಊಟಕ್ಕೆ ಕರೆದರೂ ಕಿವಿಗೆ ಬೀಳದು.

ಈ ಕಡಲ ಬಸವನಹುಳುಗಳ ಚಿಪ್ಪಿನ ಮೇಲೆ ಉದ್ದಕ್ಕೂ ಏಣುಗಳು ಎದ್ದು ನಿಂತಿರುತ್ತವೆ. ಒಂದೊಂದು ಏಣೂ ಒಂದು ಕಾಲದಲ್ಲಿ ಚಿಪ್ಪಿನ ಬಾಯಿಯ ಅಂಚಾಗಿತ್ತು. ಹುಳು ಬೆಳೆಯುವುದನ್ನು ನಿಲ್ಲಿಸಿ ಅಂಚನ್ನು ದಪ್ಪ ಮಾಡಿಕೊಂಡಿತು. ಮತ್ತೆ ಬೆಳೆಯತೊಡಗಿದಾಗ ಆ ಹಳೆಯ ತುಟಿ ಬೆನ್ನ ಮೇಲೆ ಉಳಿಯಿತು. ಬದುಕಿದ ಕಾಲವನ್ನು ಹೀಗೆ ಮೈಮೇಲೆಯೇ ಬರೆದಿಟ್ಟುಕೊಳ್ಳುವ ಜೀವಿಯನ್ನು ಪ್ರೀತಿಸದೆ ಇರುವುದು ಹೇಗೆ?

ಆದರೆ ಗುರುತು ಹಿಡಿಯಬೇಕಾದರೆ ಏಣಿನ ಚೆಲುವಿನಲ್ಲಿ ಮೈಮರೆಯಬಾರದು. ನೋಡಬೇಕಾದ್ದು ಏಣುಗಳ ನಡುವಿನ ಬಯಲು. ಅಲ್ಲಿ ನುಣುಪೋ, ಸುತ್ತಿನುದ್ದಕ್ಕೂ ಎಳೆದಂತೆ ಸಣ್ಣ ಗೆರೆಗಳೋ? ಗೆರೆಗಳು ಏಣುಗಳನ್ನು ಹಾದು ಬಲೆ ಹೆಣೆದಿದ್ದರೆ ನನ್ನ ಮನಸ್ಸು ಮೊದಲು ಅಮಿಯಾ ಎಂಬ ಕುಲದ ಕಡೆ ಓಡುತ್ತದೆ; ಜಪಾನ್, ತೈವಾನ್ ಕಡೆಯ ಅಮಿಯಾ ಮ್ಯಾಗ್ನಿಫಿಕಾ ಆ ಬಲೆಗೇ ಹೆಸರುವಾಸಿ. ಏಣುಗಳು ಸುಣ್ಣ ಬಳಿದಂತೆ ಒರಟಾಗಿ, ಗುಳಿಗುಳಿಯಾಗಿದ್ದರೆ ಸಿರ್ಸೊಟ್ರೀಮಾ ಕುಲದ್ದಿರಬಹುದೇ ಎಂದು ಯೋಚಿಸುತ್ತೇನೆ. ಆಮೇಲೆ ಚಿಪ್ಪನ್ನು ಮಗುಚಿ, ತಳದಲ್ಲಿ ಹೊಕ್ಕುಳ ಕುಳಿ ತೆರೆದಿದೆಯೋ ಮುಚ್ಚಿದೆಯೋ, ಅಡ್ಡಕ್ಕೆ ಒಂದು ದಿಂಡು ಹಾದಿದೆಯೋ ನೋಡಬೇಕು. ಬಣ್ಣ ನೆರವಿಗೆ ಬರುವುದಿಲ್ಲ, ಹೆಚ್ಚಿನವು ಬಿಳಿಯೇ. ಆ ಬಿಳಿಯೊಳಗೆ ಬದುಕಿದ್ದ ಹುಳು ಮಾತ್ರ ಕೆಣಕಿದರೆ ನೇರಳೆ ದ್ರವ ಬಿಡುವಂಥದು, ಕಡಲ ಅನಿಮೋನ್‌, ಹವಳಗಳ ಮೈಯನ್ನು ತಿನ್ನುವಂಥದು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕೆರಿಬಿಯನ್ ಕಡಲಾಳದ ಸ್ಥೆನೊರೈಟಿಸ್ ಪೆರ್ನೊಬಿಲಿಸ್. 1857ರಲ್ಲಿ ಫಿಶರ್ ಮತ್ತು ಬೆರ್ನಾರ್ಡಿ ಅದನ್ನು ವಿವರಿಸಿದರು. ಬುಗುರಿಯಂತೆ ಗಿಡ್ಡ, ಅಗಲ. ಏಣುಗಳು ಅಲಗಿನ ಹಾಗೆ ತೆಳ್ಳಗೆ, ಎತ್ತರಕ್ಕೆ ಚಾಚಿವೆ. ಬಾಯಿ ಗುಂಡಗೆ, ತುಟಿ ದಪ್ಪ. 1758ರಲ್ಲಿ ಲಿನೇಯಸ್ ಹೆಸರಿಟ್ಟ, ರಾಜಮನೆತನಗಳು ಹಂಬಲಿಸಿದ ಎಪಿಟೋನಿಯಮ್ ಸ್ಕೇಲಾರೆಯ ಸೊಗಸು ಬೇರೆ ಬಗೆಯದು. ಅದರ ಸುತ್ತುಗಳು ಒಂದನ್ನೊಂದು ಮುಟ್ಟುವುದೇ ಇಲ್ಲ, ಏಣುಗಳಷ್ಟೇ ಅವನ್ನು ಹಿಡಿದಿಟ್ಟಿವೆ. ಆ ಸಂದಿನಲ್ಲಿ ಬೆಳಕು ತೂರುತ್ತದೆ. ಚೀನಾದಲ್ಲಿ ಅಕ್ಕಿಹಿಟ್ಟಿನ ಕಣಕದಿಂದ ಅದರ ನಕಲಿ ಮಾಡುತ್ತಿದ್ದರೆಂಬ ಕಥೆ ಹಳೆಯದು. ನಾನು ಅದನ್ನು ನಂಬುವುದಿಲ್ಲ. ಮಸೂರದಡಿ ಆ ಸಂದುಗಳನ್ನು ಕಂಡವರಿಗೆ ನಂಬುವುದು ಕಷ್ಟ.

ಕೊನೆಗೆ ನೋಡುವುದು ಶಿಖರದ ತುದಿ, ಅದು ಮುರಿಯದೆ ಉಳಿದಿದ್ದರೆ. ಮರಿಯಾಗಿದ್ದಾಗಿನ ಚಿಪ್ಪು ಅಲ್ಲೇ ಇರುತ್ತದೆ. ಅದು ನುಣುಪಾಗಿ ಹಲವು ಸುತ್ತು ಸುತ್ತಿದ್ದರೆ, ತಳ ಸೇರುವ ಮುನ್ನ ಮರಿ ಬಹುಕಾಲ ನೀರಲ್ಲಿ ತೇಲುತ್ತ ತಿಂದು ಬೆಳೆದಿತ್ತೆಂದು ಅರ್ಥ. ಸಾಸಿವೆಗಿಂತ ಕಿರಿದಾದ ತುದಿ ಅಷ್ಟು ದೂರದ ಸುದ್ದಿ ಹೇಳುತ್ತದೆ.

ನಿಮ್ಮ ಕೈಗೆ ಇಂಥದೊಂದು ಬಂದರೆ ಹೊಳಪು ಬರಲೆಂದು ಬ್ಲೀಚು, ಆಮ್ಲ ಹಾಕಿ ಉಜ್ಜಬೇಡಿ. ಮೇಲಿನ ಸುಣ್ಣದ ಪದರವೂ ಗುರುತಿನ ಭಾಗವೇ. ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ಚೀಟಿಯಲ್ಲಿ ಬರೆದು, ಚಿಪ್ಪಿನ ಜೊತೆಗೇ ಡಬ್ಬಿಯಲ್ಲಿಡಿ.